ಕಪಾಟಿನಿಂದ ಎದ್ದು ಬಂದ ನಾದ

ಸಂಗೀತದ ಒಂದು ಆಲ್ಬಮ್ ಧ್ವನಿಮುದ್ರಣಗೊಂಡ ದಿನಕ್ಕೂ ಅದು ಕೇಳುಗರ ಕೈ ಸೇರುವ ದಿನಕ್ಕೂ ಸಾಮಾನ್ಯವಾಗಿ ಹೆಚ್ಚು ಅಂತರ ಇರುವುದಿಲ್ಲ. ಕೆಲವು ತಿಂಗಳು, ತೀರಾ ತಡವಾದರೆ ಒಂದೆರಡು ವರ್ಷ. ಆದರೆ 2023ರಲ್ಲಿ ಲಂಡನ್ನಿನ ಸ್ವತಂತ್ರ ಸಂಸ್ಥೆಯೊಂದು ಹೊರತಂದ ‘ದಿ ಎನ್‌ಐಡಿ ಟೇಪ್ಸ್’ ಎಂಬ ಸಂಕಲನ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅದರಲ್ಲಿರುವ ಸಂಗೀತ ಹುಟ್ಟಿದ್ದು 1969 ಮತ್ತು 1972ರ ನಡುವೆ. ಹುಟ್ಟಿದ ಊರು ನ್ಯೂಯಾರ್ಕ್ ಅಲ್ಲ, ಜರ್ಮನಿಯ ಕಲೋನ್ ಅಲ್ಲ, ನಮ್ಮ ಅಹಮದಾಬಾದ್. ವೀಣೆ, ಕೊಳಲು, ತಬಲಾಗಳ ನಾಡಿನಲ್ಲಿ ಶುದ್ಧ ವಿದ್ಯುತ್ತಿನಿಂದಲೇ ನಾದ ಹೊರಡಿಸಿದ ಕೆಲವರಿದ್ದರು ಎಂಬ ಸಂಗತಿ ಅರ್ಧ ಶತಮಾನ ಕಾಲ ಒಂದು ಸಂಸ್ಥೆಯ ಸಂಗ್ರಹದಲ್ಲಿ ಮಲಗಿತ್ತು.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾದದ್ದು 1961ರಲ್ಲಿ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು ಗೌತಮ್ ಸಾರಾಭಾಯಿ ಮತ್ತು ಅವರ ಸಹೋದರಿ ಗಿರಾ. ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಇವರ ಸಹೋದರ. ಇದೇ ಮನೆತನದ ಇನ್ನೊಬ್ಬ ಮಗಳು ಗೀತಾ ಪಖಾವಾಜ್ ಕಲಿತವರು. ಹೆಣ್ಣುಮಕ್ಕಳು ಆ ವಾದ್ಯವನ್ನು ಮುಟ್ಟದಿದ್ದ ಕಾಲದಲ್ಲಿ ಅದನ್ನು ನುಡಿಸಿದವರು. ಗೀತಾ 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಸಂಗೀತಗಾರನ ಬಳಿ ಪಾಶ್ಚಾತ್ಯ ಸಂಗೀತ ಕಲಿತರು. ಪ್ರತಿಯಾಗಿ ಅವನಿಗೆ ಭಾರತೀಯ ಸಂಗೀತವನ್ನು ಹೇಳಿಕೊಟ್ಟರು. ಸಂಗೀತವಿರುವುದು ಮನಸ್ಸನ್ನು ಶಾಂತಗೊಳಿಸಿ ದೈವೀ ಪ್ರಭಾವಕ್ಕೆ ತೆರೆಯುವುದಕ್ಕಾಗಿ ಎಂದು ತಮ್ಮ ಗುರುಗಳು ಹೇಳಿದ್ದನ್ನು ಗೀತಾ ಅವನಿಗೆ ತಿಳಿಸಿದರು. ಕೇಜ್ ಆ ಮಾತನ್ನು ಜೀವನದುದ್ದಕ್ಕೂ ನೆನೆಯುತ್ತಿದ್ದ. 1952ರಲ್ಲಿ ಅವನು ರಚಿಸಿದ, ಒಂದೂ ಸ್ವರ ನುಡಿಸದ ನಾಲ್ಕೂವರೆ ನಿಮಿಷದ ಮೌನಕೃತಿಯನ್ನು ವೇದಿಕೆಯಲ್ಲಿ ಮೊದಲು ಸಾದರಪಡಿಸಿದ ಪಿಯಾನೋವಾದಕನೇ ಡೇವಿಡ್ ಟ್ಯೂಡರ್. 1969ರಲ್ಲಿ ಅಹಮದಾಬಾದಿಗೆ ಬಂದು ಮೂಗ್ ಸಿಂಥಸೈಸರಿನ ಸ್ಟುಡಿಯೋ ಸ್ಥಾಪಿಸಲು ನೆರವಾದವನೂ ಅವನೇ.

ಹಾರ್ಮೋನಿಯಂ ಅಲ್ಲದ ಕೀಲಿಮಣೆ

ಸಿಂಥಸೈಸರ್ ಎಂದರೆ ಮದುವೆಮನೆಯ ಆರ್ಕೆಸ್ಟ್ರಾದಲ್ಲಿ ಕಾಣುವ ಕೀಬೋರ್ಡ್ ಎಂದೇ ಹಲವರ ತಿಳಿವಳಿಕೆ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಯಂತ್ರ ಹಾಗಿರಲಿಲ್ಲ. ಅದು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಂತೆ ಕಾಣುತ್ತಿತ್ತು: ಗುಂಡಿಗಳು, ತೂತುಗಳು, ಒಂದರಿಂದ ಇನ್ನೊಂದಕ್ಕೆ ಚುಚ್ಚಿದ ತಂತಿಗಳು. ಅದರ ತತ್ವ ಮಾತ್ರ ಸರಳ. ಒಂದು ಭಾಗ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಬಾರಿ ಆಂದೋಲನಗೊಳಿಸುತ್ತದೆ. ಧ್ವನಿವರ್ಧಕದ ಮೂಲಕ ಅದು ಸ್ವರವಾಗಿ ಕೇಳುತ್ತದೆ. ಇನ್ನೊಂದು ಭಾಗ, ಶಿಲ್ಪಿ ಕಲ್ಲು ಕೆತ್ತುವಂತೆ, ಆ ನಾದದಿಂದ ಬೇಡದ ಅಂಶಗಳನ್ನು ಸೋಸಿ ತೆಗೆಯುತ್ತದೆ. ಮತ್ತೊಂದು ಭಾಗ ಸ್ವರ ಹೇಗೆ ಏಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಅಡಗಬೇಕು ಎಂಬುದನ್ನು ನಿರ್ಧರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಮೂಗ್ ಯಂತ್ರದಲ್ಲಿ ವಿದ್ಯುತ್ತಿನ ಒತ್ತಡ ಒಂದು ವೋಲ್ಟ್ ಹೆಚ್ಚಿದರೆ ಶ್ರುತಿ ಒಂದು ಸ್ಥಾಯಿ ಮೇಲೇರುತ್ತದೆ. ಆ ಒಂದು ವೋಲ್ಟಿನೊಳಗೆ ಎಲ್ಲಿ ಬೇಕಾದರೂ ನಿಲ್ಲಬಹುದು, ಎಲ್ಲಿಂದ ಎಲ್ಲಿಗೂ ಜಾರಬಹುದು. ಹಾರ್ಮೋನಿಯಂನಲ್ಲಿ ಒಂದು ಮನೆಗೂ ಮುಂದಿನ ಮನೆಗೂ ನಡುವೆ ಏನೂ ಇಲ್ಲ. ಗಮಕಕ್ಕೆ ಒದಗುವುದಿಲ್ಲ ಎಂಬ ಕಾರಣಕ್ಕೇ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟು, ಆ ನಿಷೇಧವನ್ನು ದಶಕಗಳ ಕಾಲ ಮುಂದುವರಿಸಿತ್ತು. ಹಾಗೆ ನೋಡಿದರೆ ಅಮೆರಿಕದಿಂದ ಬಂದ ಈ ತಂತಿಗಳ ಗೂಡು ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಹಾರ್ಮೋನಿಯಂಗಿಂತ ಹತ್ತಿರದ ನೆಂಟ.

ಆದರೆ ಯಂತ್ರಕ್ಕೆ ಮಿತಿಗಳೂ ಇದ್ದವು. ಒಮ್ಮೆಗೆ ಹಲವು ಸ್ವರ ನುಡಿಸುವುದು ಸುಲಭವಿರಲಿಲ್ಲ. ನೆನಪಿನ ಶಕ್ತಿಯಂತೂ ಇರಲೇ ಇಲ್ಲ. ಇಂದು ಸಿಕ್ಕ ನಾದ ನಾಳೆಯೂ ಬೇಕೆಂದರೆ ಪ್ರತಿಯೊಂದು ಗುಂಡಿಯ ಸ್ಥಾನವನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಇಲ್ಲವೇ ಕೂಡಲೇ ಟೇಪಿಗೆ ಇಳಿಸಬೇಕು. ಟೇಪುಗಳು ಉಳಿದದ್ದಕ್ಕೇ ಸಂಗೀತವೂ ಉಳಿಯಿತು.

ಏನಿದೆ ಈ ಆಲ್ಬಮ್ಮಿನಲ್ಲಿ?

ಲಂಡನ್ನಿನ ಕಲಾವಿದ ಪಾಲ್ ಪರ್ಗಾಸ್ ವಿನ್ಯಾಸ ಸಂಸ್ಥೆಯ ಸಂಗ್ರಹವನ್ನು ಶೋಧಿಸಿದಾಗ ಈ ಪ್ರಯೋಗಗಳ 27 ಟೇಪ್ ಸುರುಳಿಗಳು ಸಿಕ್ಕವು. ಅವುಗಳಿಂದ ಆಯ್ದ ಸಂಕಲನದಲ್ಲಿ ಟ್ಯೂಡರನ ಜತೆ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ ಮತ್ತು ಜಿನ್‌ರಾಜ್ ಜೋಶಿಪುರ ಅವರ ರಚನೆಗಳಿವೆ. ಮಾಥುರ್ ಅವರ ಒಂದು ರಚನೆಯ ಹೆಸರು ‘ನನ್ನ ಹಕ್ಕಿಗಳು’, ಇನ್ನೊಂದರ ಹೆಸರು ‘ಒಮ್ಮೆ ನಾನು ತಂಬೂರ ನುಡಿಸಿದೆ’ ಎಂಬರ್ಥದ್ದು. ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿದ್ದ ಜೋಶಿಪುರ 2001ನೇ ಇಸವಿಯ ಆಕಾಶನೌಕೆಯನ್ನು ಕಲ್ಪಿಸಿಕೊಂಡಿದ್ದಾರೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು, ಇಸ್ರೋ ಹುಟ್ಟಿದ್ದು, ಈ ಸ್ಟುಡಿಯೋ ಆರಂಭವಾದದ್ದು ಎಲ್ಲವೂ 1969ರಲ್ಲೇ ಎಂಬುದನ್ನು ನೆನೆದರೆ ಆ ಕಲ್ಪನೆ ಅಚ್ಚರಿ ತರುವುದಿಲ್ಲ.

ಮೆಚ್ಚುಗೆಯ ಭರದಲ್ಲಿ ಮರೆಮಾಚಬಾರದ ಮಾತೊಂದಿದೆ. ಇವುಗಳಲ್ಲಿ ಹೆಚ್ಚಿನವು ಪೂರ್ಣ ಕೃತಿಗಳಲ್ಲ, ಕರಡುಗಳು. ರಾಗದ ವಿಸ್ತಾರವನ್ನೋ ಕೃತಿಯ ಚೌಕಟ್ಟನ್ನೋ ಹುಡುಕುವವರಿಗೆ ನಿರಾಶೆಯಾದೀತು. ಆದರೆ ಹೊಸ ಆಟಿಕೆಯನ್ನು ಕೈಗೆತ್ತಿಕೊಂಡ ಮಗುವಿನ ಬೆರಗು ಅಲ್ಲಿ ಹಾಗೆಯೇ ಹಸಿಯಾಗಿ ಉಳಿದಿದೆ. ಶರ್ಮಾ ಅವರ ‘ನೃತ್ಯ ಸಂಗೀತ’ ಸರಣಿಯಲ್ಲಿ ಲಯದ ತುಣುಕು ಮತ್ತೆ ಮತ್ತೆ ಮರಳಿ ಬರುವ ರೀತಿ, ಮುಂದೆ 1980ರ ದಶಕದಲ್ಲಿ ಅಮೆರಿಕದ ನೃತ್ಯಶಾಲೆಗಳಲ್ಲಿ ಬೆಳೆದ ಟೆಕ್ನೋ ಸಂಗೀತದ ಮುನ್ಸೂಚನೆಯಂತಿದೆ. ಯಾರನ್ನೂ ಮೆಚ್ಚಿಸುವ, ಮಾರುಕಟ್ಟೆಗೆ ಹೊಂದಿಕೊಳ್ಳುವ ಹಂಗಿಲ್ಲದ ಈ ಗುಣವೇ ಆಲ್ಬಮ್ಮಿನ ದೊಡ್ಡ ಬಲ.

ಮುಂಬಯಿಯ ಇನ್ನೊಂದು ಕಥೆ

ಅಹಮದಾಬಾದಿನ ಸ್ಟುಡಿಯೋ ಮೌನವಾದ ಹತ್ತು ವರ್ಷಗಳ ನಂತರ ಮುಂಬಯಿಯಲ್ಲಿ ಇಂಥದೇ ಪ್ರಸಂಗ ನಡೆಯಿತು. ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿದ ಆಲ್ಬಮ್ ಹೊರತಂದರು. ಲಲಿತ್, ಯಮನ್, ಮಾಲ್‌ಕೌಂಸ್ ಅದರಲ್ಲಿವೆ. ಅವರು ಬಳಸಿದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು. ಅವುಗಳಲ್ಲಿ ಒಂದು, ಟಿಬಿ-303, ಗಿಟಾರ್ ವಾದಕರಿಗೆ ಮಂದ್ರಸ್ವರದ ಸಾಥ್ ಕೊಡಲೆಂದು ತಯಾರಾದ ಪುಟ್ಟ ಪೆಟ್ಟಿಗೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಅದರಲ್ಲಿತ್ತು. ಹಿಂದುಸ್ತಾನಿ ಸಂಗೀತದ ಮೀಂಡ್ ಬಲ್ಲ ಕಿವಿಗೆ ಆ ಜಾರು ಬೇರೆಯೇ ಅರ್ಥ ಕೊಟ್ಟಿತು.

ಆಲ್ಬಮ್ ಮಾರಾಟವಾಗಲಿಲ್ಲ. ಯಂತ್ರವೂ ಸೋತು 1984ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿದ ಅದೇ ಪೆಟ್ಟಿಗೆಯನ್ನು ಷಿಕಾಗೋದ ‘ಫ್ಯೂಚರ್’ ತಂಡದ ಯುವಕರು ತಿರುವಿ ನೋಡಿ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಹೊರತಂದರು. ಅಲ್ಲಿಂದ ‘ಆಸಿಡ್ ಹೌಸ್’ ಎಂಬ ಪ್ರಕಾರವೇ ಬೆಳೆಯಿತು. 2010ರಲ್ಲಿ ಯುರೋಪಿನ ಒಂದು ಸಣ್ಣ ಸಂಸ್ಥೆ ಸಿಂಗ್ ಅವರ ಆಲ್ಬಮ್ಮನ್ನು ಮರುಮುದ್ರಿಸಿದಾಗ, ಷಿಕಾಗೋಗಿಂತ ಐದು ವರ್ಷ ಮೊದಲೇ ಭಾರತದಲ್ಲಿ ಇದು ಸಾಧ್ಯವಾಗಿತ್ತೇ ಎಂದು ಹಲವರು ನಂಬಲಿಲ್ಲ. ಯಾರೋ ಮಾಡಿದ ಕೀಟಲೆ ಎಂದರು. ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಆ ರಾಗಗಳನ್ನು ಮತ್ತೆ ನುಡಿಸಿ, 2015ರಲ್ಲಿ ತೀರಿಕೊಂಡರು. ಅವರ ಸಂಗೀತ ಷಿಕಾಗೋಗೆ ತಲುಪಿತ್ತೆಂದು ಹೇಳುವಂತಿಲ್ಲ. ಒಂದೇ ಯಂತ್ರ ಎರಡು ಊರುಗಳಲ್ಲಿ, ಒಬ್ಬರಿಗೊಬ್ಬರು ತಿಳಿಯದ ಕೈಗಳಲ್ಲಿ, ಒಂದೇ ಗುಟ್ಟನ್ನು ಬಿಟ್ಟುಕೊಟ್ಟಿತು ಅಷ್ಟೆ.

ಒಪ್ಪಿದ ಯಂತ್ರ, ಒಪ್ಪದ ಯಂತ್ರ

ಹಾಗಾದರೆ ನಮ್ಮ ಸಂಗೀತಲೋಕ ಯಂತ್ರವನ್ನೇ ದೂರವಿಟ್ಟಿತೆ? ಇಲ್ಲ. ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು 1970ರ ದಶಕದ ಕೊನೆಯಲ್ಲಿ ರೂಪಿಸಿದವರು ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್‌ನಾರಾಯಣ್. ಮುಂದೆ ಬಂದ ವಿದ್ಯುನ್ಮಾನ ತಂಬೂರ ಇಂದು ಪಾಠದ ಕೋಣೆಯಲ್ಲೂ ಕಛೇರಿಯ ವೇದಿಕೆಯಲ್ಲೂ ಇದೆ. ಅದರೊಳಗಿರುವುದೂ ವಿದ್ಯುತ್ತಿನ ಆಂದೋಲನವೇ. ವ್ಯತ್ಯಾಸವಿಷ್ಟೆ: ಬೆಂಗಳೂರಿನ ಪೆಟ್ಟಿಗೆ ಇದ್ದ ಸಂಪ್ರದಾಯದ ಕೆಲಸ ಹಗುರ ಮಾಡಿತು; ಅಹಮದಾಬಾದಿನ ಯಂತ್ರ ಸಂಗೀತವೆಂದರೇನು ಎಂದು ಕೇಳಿತು. ಮೊದಲನೆಯದಕ್ಕೆ ಊರೆಲ್ಲ ಗಿರಾಕಿಗಳು ಸಿಕ್ಕರು. ಎರಡನೆಯದಕ್ಕೆ ಕೇಳುಗರೂ ಸಿಗಲಿಲ್ಲ, ಶಿಷ್ಯಪರಂಪರೆಯೂ ಬೆಳೆಯಲಿಲ್ಲ.

ಈ ಎರಡು ಆಲ್ಬಮ್ಮುಗಳು ಮತ್ತೆ ಬೆಳಕಿಗೆ ಬಂದದ್ದು ದೊಡ್ಡ ಕಂಪನಿಗಳಿಂದಲ್ಲ. ಲಾಭಕ್ಕಿಂತ ಕುತೂಹಲ ದೊಡ್ಡದೆಂದು ನಂಬಿದ ಸಣ್ಣ ಸಂಸ್ಥೆಗಳಿಂದ, ಅದೂ ಪರದೇಶದವುಗಳಿಂದ. ಅದರ ಬಗ್ಗೆ ಅಭಿಮಾನ ಪಡಬೇಕೋ ಸಂಕೋಚ ಪಡಬೇಕೋ ಎಂಬುದು ಓದುಗರಿಗೆ ಬಿಟ್ಟದ್ದು. ಕಾಂತೀಯ ಟೇಪಿನ ಆಯುಷ್ಯ ಮಾತ್ರ ಯಾರಿಗೂ ಕಾಯುವುದಿಲ್ಲ. ತೇವ ಹೀರಿದ ಟೇಪು ಅಂಟಂಟಾಗುತ್ತದೆ, ಲೇಪ ಉದುರುತ್ತದೆ, ಜತೆಗೆ ನಾದವೂ ಉದುರುತ್ತದೆ. ವಿಶ್ವವಿದ್ಯಾಲಯಗಳ, ರೇಡಿಯೋ ಕೇಂದ್ರಗಳ, ಹಳೆಯ ಸ್ಟುಡಿಯೋಗಳ ಕಪಾಟುಗಳಲ್ಲಿ ಹೆಸರುಚೀಟಿ ಮಾಸಿದ ಸುರುಳಿಗಳು ಇದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ಕೇಳಿ ನೋಡುವುದು ಒಳ್ಳೆಯದು.