ದೊಡ್ಡ ವಾಚು, ಸಣ್ಣ ಮಣಿಕಟ್ಟು

ನಿಮ್ಮ ಮನೆಯಲ್ಲಿ ದೊಡ್ಡ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ವಾಕಿಂಗ್ ಹೋಗುವವರು ಯಾರಾದರೂ ಇದ್ದಾರೆಯೇ? ನಮ್ಮ ಮನೆಯಲ್ಲಿ ಅಪ್ಪ ಇದ್ದಾರೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದರು. ದಿನಾ ನಡೆಯಿರಿ, ಆದರೆ ಸದ್ಯಕ್ಕೆ ಹೃದಯ ಬಡಿತ ನಿಮಿಷಕ್ಕೆ 115 ದಾಟದಿರಲಿ ಎಂದು ಡಾಕ್ಟರು ಹೇಳಿದ್ದರು. (ಇದು ಅಪ್ಪನಿಗೆ ಹೇಳಿದ ಲೆಕ್ಕ, ಎಲ್ಲರಿಗೂ ಅಲ್ಲ.) ಅದಕ್ಕೇ ವಾಚು ಬಂತು. ಕನ್ನಡಕ ಇಲ್ಲದೆಯೂ ಅಂಕಿ ಕಾಣಬೇಕು ಅಂತ ಅಪ್ಪ ಅಂಗಡಿಯಲ್ಲಿದ್ದ ದೊಡ್ಡದನ್ನೇ ಆರಿಸಿದರು. ಅವರ ಮಣಿಕಟ್ಟು ನನ್ನದಕ್ಕಿಂತ ಸ್ವಲ್ಪವೇ ದಪ್ಪ!

ತುಮಕೂರಿನಲ್ಲಿ ನಮ್ಮ ತಾತ ಎಚ್‌ಎಂಟಿ ವಾಚು ಕಟ್ಟುತ್ತಿದ್ದರು, ದಿನಾ ಬೆಳಿಗ್ಗೆ ಕೀ ಕೊಡುವಂಥದ್ದು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದರು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ತಾತನ ವಾಚು ಕೈಯಲ್ಲಿ ಬಳೆಯಂತೆ ಜಾರಾಡುತ್ತಿತ್ತಂತೆ. ಅಪ್ಪನೂ ಹಾಗೆಯೇ ಸಡಿಲವಾಗಿ ಕಟ್ಟುತ್ತಾರೆ. ಗಂಟೆ ನೋಡುವ ವಾಚಿಗೆ ಅದರಿಂದ ಏನೂ ತೊಂದರೆ ಇಲ್ಲ. ಬಡಿತ ಎಣಿಸುವ ವಾಚಿಗೆ ತೊಂದರೆ ಇದೆ ಅಂತ ನಮಗೆ ಗೊತ್ತಾಗಿದ್ದು ಸೂಸ್ ಕ್ರೀಕ್ ಟ್ರೇಲ್‌ನಲ್ಲಿ.

ಕೆಂಟ್‌ನಲ್ಲಿರುವವರಿಗೆ ಈ ದಾರಿ ಗೊತ್ತಿರುತ್ತದೆ. ಕೆಳಗೆ ಕಣಿವೆಯಲ್ಲಿರುವ ಗ್ರೀನ್ ರಿವರ್ ಟ್ರೇಲ್‌ನಂತೆ ಇದು ಪೂರ್ತಿ ಸಮತಟ್ಟಲ್ಲ, ಅಲ್ಲಲ್ಲಿ ಏರು ಇದೆ. ಒಂದು ಏರು ಹತ್ತುವಾಗ ವಾಚು ಗುರ್ರ್ ಎಂದಿತು. ನೋಡಿದರೆ 122! ಅಪ್ಪ ನಿಂತುಬಿಟ್ಟರು. ಮುಖ ಸಣ್ಣದಾಗಿತ್ತು. "ಎದೆ ನೋವಾಗ್ತಿದೆಯಾ ಅಪ್ಪ?" ಅಂತ ಕೇಳಿದೆ. "ಇಲ್ಲ ಪುಟ್ಟ, ಏನೂ ಇಲ್ಲ. ಆದ್ರೆ ಇದು ಹೀಗೆ ತೋರಿಸ್ತಿದೆಯಲ್ಲ" ಅಂದರು.

ಶಾಲೆಯ ಹೆಲ್ತ್ ಕ್ಲಾಸಿನಲ್ಲಿ ಕಲಿತದ್ದು ನೆನಪಾಯಿತು. ಕೂಡಲೇ ಅಪ್ಪನ ಕತ್ತಿನ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿದೆ. 24 ಬಡಿತ. ನಾಲ್ಕರಿಂದ ಗುಣಿಸಿದರೆ 96. ಹಾಗಾದರೆ 122 ಎಲ್ಲಿಂದ ಬಂತು? ಮತ್ತೆ ನಿಧಾನವಾಗಿ ನಡೆಯಲು ಶುರು ಮಾಡಿದಾಗ ವಾಚು ಮೊದಲು 96ರ ಹತ್ತಿರ ಇತ್ತು, ವೇಗ ಹೆಚ್ಚಿಸಿದ ಮೇಲೆ 120ಕ್ಕೆ ಹಾರಿತು. ನನಗೆ ಅನುಮಾನ ಬಂದು ಈ ಸಲ ಹೆಜ್ಜೆ ಎಣಿಸಿದೆ. 15 ಸೆಕೆಂಡಿಗೆ 30 ಹೆಜ್ಜೆ, ಅಂದರೆ ನಿಮಿಷಕ್ಕೆ 120. ವಾಚು ಅಪ್ಪನ ಹೃದಯವನ್ನಲ್ಲ, ಕಾಲನ್ನು ಎಣಿಸುತ್ತಿತ್ತು!

ಹೀಗೇಕೆ? ವಾಚಿನ ಒಳಬದಿ ನೋಡಿ, ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತ ಹೆಚ್ಚು ಕಡಿಮೆ ಆಗುವುದರಿಂದ ವಾಪಸ್ ಬರುವ ಬೆಳಕೂ ಬದಲಾಗುತ್ತದೆ. ವಾಚು ಅದನ್ನೇ ಎಣಿಸುತ್ತದೆ. ಭಾರದ ವಾಚು ಸಡಿಲವಾಗಿದ್ದರೆ ಹೆಜ್ಜೆ ಹೆಜ್ಜೆಗೂ ಕುಲುಕುತ್ತದೆ, ಸಂದಿಯಲ್ಲಿ ಹೊರಗಿನ ಬೆಳಕು ನುಗ್ಗುತ್ತದೆ. ಆಗ ಕುಲುಕಾಟವನ್ನೇ ಬಡಿತ ಅಂದುಕೊಳ್ಳಬಹುದು. ದೊಡ್ಡ ವಾಚು ಎಷ್ಟು ಭಾರ ಇರಬಹುದು? 2022ರಲ್ಲಿ ಬಂದ ಆಪಲ್ ವಾಚ್ ಅಲ್ಟ್ರಾ 49 ಮಿಲಿಮೀಟರ್, ಪಟ್ಟಿ ಬಿಟ್ಟು ಸುಮಾರು 61 ಗ್ರಾಂ. ಅಂದರೆ ಹನ್ನೆರಡು ನಿಕ್ಕಲ್ ನಾಣ್ಯಗಳನ್ನು ಕೈಗೆ ಕಟ್ಟಿಕೊಂಡು ಓಡಿದ ಹಾಗೆ. (ಅಪ್ಪನದು ಬೇರೆ ಕಂಪನಿಯದು. ತಪ್ಪು ಕಂಪನಿಯದ್ದಲ್ಲ, ನಾವು ಕಟ್ಟಿದ ರೀತಿಯದ್ದು.)

ಸರಿ, ಬಿಗಿಯಾಗಿ ಕಟ್ಟಿದರಾಯಿತು ಅಂದುಕೊಂಡೆವು. ನಾನೇ ಎಳೆದು ಕಟ್ಟಿದೆ. ನಾಲ್ಕೇ ದಿನಕ್ಕೆ ಅಪ್ಪನ ಕೈ ಕೆಂಪಾಗಿ ತುರಿಕೆ ಶುರುವಾಯಿತು. ಐದನೇ ದಿನ ವಾಚು ಡ್ರಾಯರ್ ಸೇರಿತು. ಮಾರನೇ ದಿನ "ಇವತ್ತು ಮಳೆ" ಅಂತ ವಾಕಿಂಗೂ ನಿಂತಿತು. ಕೆಂಟ್‌ನಲ್ಲಿ ಮಳೆ ಬರುವುದು ಹೊಸದೇ? ಅಮ್ಮನಿಗೂ ನನಗೂ ನಿಜವಾಗಿ ಭಯವಾಗಿದ್ದು ಆಗಲೇ. ಹಿತವಾಗಿರದ ವಾಚು ಕೈಯಲ್ಲಿ ಉಳಿಯುವುದಿಲ್ಲ.

ಆಮೇಲೆ ನಾವು ಒಂದೊಂದಾಗಿ ಮಾಡಿ ನೋಡಿ ಕಲಿತದ್ದು ಇಷ್ಟು:

1. ಮಣಿಕಟ್ಟಿನ ಮೂಳೆಯ ಮೇಲೆ ಕಟ್ಟಬೇಡಿ. ಅಲ್ಲಿಂದ ಮೊಣಕೈ ಕಡೆಗೆ ಒಂದೆರಡು ಬೆರಳಿನಷ್ಟು ಮೇಲೆ ಕಟ್ಟಿ. ಅಲ್ಲಿ ವಾಚು ಸಮವಾಗಿ ಕೂರುತ್ತದೆ, ಕೈ ಮಡಚಿದಾಗ ಪಕ್ಕದ ಗುಂಡಿ ಚುಚ್ಚುವುದಿಲ್ಲ.

2. ಕೈ ಅಲ್ಲಾಡಿಸಿದರೆ ವಾಚು ಜಾರಬಾರದು, ಆದರೆ ಆಳವಾದ ಗುರುತೂ ಬೀಳಬಾರದು. ವ್ಯಾಯಾಮ ಮುಗಿದ ಕೂಡಲೇ ಸಡಿಲ ಮಾಡಿ.

3. ತೂತುಗಳ ಪಟ್ಟಿಯಲ್ಲಿ ಒಂದು ತೂತು ಬಿಗಿ, ಇನ್ನೊಂದು ಸಡಿಲ ಆಗುತ್ತಿತ್ತು. ಅಂಟಿಸಿ ಬಿಚ್ಚುವ ನೈಲಾನ್ ಪಟ್ಟಿ ಹಾಕಿದ ಮೇಲೆ ಬೇಕಾದಷ್ಟೇ ಬಿಗಿ ಮಾಡಲು ಬಂತು.

4. ಬೆವರು, ಸೋಪು ಪಟ್ಟಿಯ ಕೆಳಗೆ ಉಳಿದರೆ ತುರಿಕೆ ಬರುತ್ತದೆ. ಪಟ್ಟಿಯನ್ನೂ ಕೈಯನ್ನೂ ತೊಳೆದು, ಪೂರ್ತಿ ಒಣಗಿದ ಮೇಲೆ ಕಟ್ಟಿ.

5. ಚಳಿಯಲ್ಲಿ ಚರ್ಮಕ್ಕೆ ರಕ್ತ ಕಡಿಮೆ ಬರುವುದರಿಂದ ಅಂಕಿ ತಪ್ಪಬಹುದು. ಮೊದಲ ಕೆಲವು ನಿಮಿಷ ನಿಧಾನವಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಿ.

6. ಸೂರ್ಯ ನಮಸ್ಕಾರ, ಪುಷ್ ಅಪ್ ಮಾಡುವಾಗ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗುತ್ತದೆ. ರಥಸಪ್ತಮಿ ದಿನ ಹನ್ನೆರಡು ನಮಸ್ಕಾರ ಮಾಡುವಷ್ಟರಲ್ಲಿ ಅಪ್ಪನ ಹಿಂಗೈ ಮೇಲೆ ಗುಂಡಿಯ ಅಚ್ಚು ಮೂಡಿತ್ತು! ಆಗ ವಾಚನ್ನು ಇನ್ನೂ ಮೇಲಕ್ಕೆ ಸರಿಸಿ, ಇಲ್ಲವೇ ಬಿಚ್ಚಿಡಿ.

ಹೊಸದು ಕೊಳ್ಳುವವರು ನೀವಾದರೆ ಮೊದಲು ಆ ಅಳತೆಯ ರಟ್ಟಿನ ಬಿಲ್ಲೆ ಕತ್ತರಿಸಿ ಮಣಿಕಟ್ಟಿನ ಮೇಲಿಟ್ಟು ನೋಡಿ. ಎರಡೂ ಬದಿ ಹೊರಗೆ ಚಾಚಿದರೆ ಸಣ್ಣದನ್ನು ಆರಿಸಿ.

ಇನ್ನೊಂದು ಮಾತು. ವಾಚು ಡಾಕ್ಟರಲ್ಲ. ಅದು ಹೆಚ್ಚು ತೋರಿಸಿದಂತೆ ಕಡಿಮೆಯೂ ತೋರಿಸಬಹುದು. ಎದೆ ನೋವು, ತಲೆಸುತ್ತು, ಉಸಿರು ಕಟ್ಟಿದಂತೆ ಆದರೆ ಅಂಕಿ ಎಷ್ಟೇ ಇರಲಿ, ನಿಲ್ಲಿ, 911ಕ್ಕೆ ಕರೆ ಮಾಡಿ.

ಈಗ ಅಪ್ಪ ಮತ್ತೆ ದಿನಾ ನಡೆಯುತ್ತಿದ್ದಾರೆ. ಮನೆಗೆ ಬಂದ ಕೂಡಲೇ ವಾಚನ್ನು ತಾತನ ಹಾಗೆ ಸಡಿಲ ಮಾಡಿಕೊಳ್ಳುತ್ತಾರೆ. ನಡೆಯುವಾಗ ಮಾತ್ರ ಬಿಗಿ. ಆ ಏರು ಬಂದಾಗ ನಾನು ಈಗಲೂ ಅವರ ಕತ್ತಿನ ಮೇಲೆ ಬೆರಳಿಟ್ಟು ಎಣಿಸುತ್ತೇನೆ. ಹೋದ ಶನಿವಾರ ವಾಚು 101 ಎಂದಿತು, ನನ್ನ ಲೆಕ್ಕ 100.

ಈ ವಾರ ನಿಮ್ಮ ಮನೆಯವರ ವಾಚನ್ನೂ ಒಮ್ಮೆ ಹೀಗೆ ಪರೀಕ್ಷಿಸಿ ನೋಡಿ. ಬೇಕಾದದ್ದು ಎರಡು ಬೆರಳು, 15 ಸೆಕೆಂಡು ಅಷ್ಟೇ.