ರಿಪೋರ್ಟ್ ಬಂದ ದಿನ



ಗರ್ಭಿಣಿಯರಿಗೆ ಈಗ ಮೂರನೇ ತಿಂಗಳಲ್ಲೇ ರಕ್ತ ತೆಗೆದು, ಸ್ಕ್ಯಾನಿಂಗ್ ಮಾಡಿ 'ಡಬಲ್ ಮಾರ್ಕರ್' ಅನ್ನುವ ಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ 'ಹೈ ರಿಸ್ಕ್' ಅಂತ ಬಂದರೆ ಸಾಕು, ಮನೆಯಲ್ಲಿ ಒಲೆ ಹೊತ್ತೋದಿಲ್ಲ. ಅತ್ತೆ ಒಂದು ಹೇಳ್ತಾರೆ, ಗಂಡ ಮಾತೇ ಆಡೋದಿಲ್ಲ, ಪಕ್ಕದ ಮನೆಯವರು "ಈಗಲೇ ತೆಗೆಸಿಬಿಡು, ಆಮೇಲೆ ಜೀವಮಾನವಿಡೀ ಗೋಳು" ಅಂತಾರೆ. ಹೊಟ್ಟೆಯಲ್ಲಿ ಮಗು ಹೊತ್ತವಳನ್ನು ಕೇಳುವವರೇ ಇರುವುದಿಲ್ಲ.

ಮೊದಲು ಆ ರಿಪೋರ್ಟನ್ನು ಸರಿಯಾಗಿ ಓದೋಣ. ಡೌನ್ ಸಿಂಡ್ರೋಮ್ ಎದುರು 1:100 ಅಂತ ಇದ್ದರೆ, ಅಂಥದೇ ರಿಪೋರ್ಟ್ ಬಂದ 100 ತಾಯಂದಿರಲ್ಲಿ ಒಬ್ಬರ ಮಗುವಿಗೆ ಅದು ಇರಬಹುದು, 99 ಮಂದಿಯ ಮಕ್ಕಳಿಗೆ ಇರುವುದಿಲ್ಲ ಎಂದರ್ಥ. ಇದು ಬರೀ ಅಂದಾಜು. ಖಚಿತವಾಗಿ ತಿಳಿಯಬೇಕಾದರೆ ಗರ್ಭದ ನೀರನ್ನು ಸೂಜಿಯಿಂದ ತೆಗೆದು ನೋಡಬೇಕು. ಅದರಿಂದ ಗರ್ಭ ಇಳಿದುಹೋಗುವ ಅಪಾಯವೂ ಸ್ವಲ್ಪ ಇದೆ. ರಕ್ತಪರೀಕ್ಷೆಯೊಂದನ್ನೇ ನಂಬಿ ತೆಗೆಸಿದರೆ ಏನೂ ತೊಂದರೆ ಇಲ್ಲದ ಮಗುವೂ ಹೋಗಬಹುದು. ಹೀಗೆ ಬರೆಯುವಾಗ, ತೊಂದರೆ ಇರುವ ಮಗು ಹೋದರೆ ಪರವಾಗಿಲ್ಲ ಅಂದ ಹಾಗಾಯಿತೇ? ನಿಜವಾದ ಪ್ರಶ್ನೆ ಇರುವುದೇ ಅಲ್ಲಿ.

ಸಾಮಾನ್ಯವಾಗಿ ನಮ್ಮ ಜೀವಕೋಶದಲ್ಲಿ 46 ವರ್ಣತಂತುಗಳಿರುತ್ತವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 47 ಇರುತ್ತವೆ ಎಂದು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೇ ಮೊದಲಾದವರು ತೋರಿಸಿದರು. ಲೆಜೂನ್ ಆ ಮಕ್ಕಳಿಗೆ ಚಿಕಿತ್ಸೆ ಹುಡುಕಲು ಹೊರಟ ವೈದ್ಯರು. ಆದರೆ ಅದೇ ತಿಳಿವಳಿಕೆಯಿಂದ ಆ ಮಕ್ಕಳನ್ನು ಹುಟ್ಟುವ ಮೊದಲೇ ಗುರುತಿಸಿ ತೆಗೆಸುವುದು ಶುರುವಾಯಿತು. 1994ರಲ್ಲಿ ತೀರಿಕೊಳ್ಳುವವರೆಗೂ ಅವರು ಇದನ್ನು ವಿರೋಧಿಸಿದರು.

ಅದೇ 1994ರಲ್ಲಿ ನಮ್ಮ ದೇಶದಲ್ಲಿ ಭ್ರೂಣದ ಲಿಂಗ ಪತ್ತೆ ತಡೆಯುವ ಕಾನೂನು ಬಂತು. ಹೆಣ್ಣು ಅಂತ ತೆಗೆಸಬಾರದು ಎಂದು ನಾವೇ ಸಂಘಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ಹಾಗಾದರೆ ಬುದ್ಧಿ ನಿಧಾನ ಅಂತ ತೆಗೆಸಬಹುದೇ? ಕಾನೂನು ಇಲ್ಲಿ ಬೇರೆ ದಾರಿ ಹಿಡಿದಿದೆ. 2021ರ ತಿದ್ದುಪಡಿಯ ಪ್ರಕಾರ, ಭ್ರೂಣದಲ್ಲಿ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರದ ನಂತರವೂ ಗರ್ಭ ತೆಗೆಸಬಹುದು. ಧರ್ಮಸಭೆ ಇದನ್ನು ಒಪ್ಪುವುದಿಲ್ಲ. ಮಗುವಿನ ಆರೈಕೆಗಾಗಿ ಪರೀಕ್ಷೆ ಮಾಡಿಸಿದರೆ ತಪ್ಪಿಲ್ಲ, ದೋಷವಿದ್ದರೆ ತೆಗೆಸೋಣ ಅಂತ ಮಾಡಿಸುವುದು ತಪ್ಪು ಎಂದು ವ್ಯಾಟಿಕನ್ 1987ರಲ್ಲೇ ಹೇಳಿದೆ.

ಕಷ್ಟದ ಸಂದರ್ಭಗಳೂ ಇವೆ. ತಲೆಬುರುಡೆಯೇ ಬೆಳೆಯದ ಮಗು ಹುಟ್ಟಿದರೂ ಹೆಚ್ಚು ಕಾಲ ಉಳಿಯುವುದಿಲ್ಲ. ಅಂಥ ತಾಯಿಯ ಮುಂದೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಹಿಂದೆ ತೆಗೆಸಿಕೊಂಡವರು ನಮ್ಮ ಸಂಘಗಳಲ್ಲೇ ಇರಬಹುದು, ಅವರನ್ನು ಚುಚ್ಚಿ ಮಾತಾಡಬೇಡಿ.

ಡೌನ್ ಸಿಂಡ್ರೋಮ್ ವಿಷಯ ಹಾಗಲ್ಲ. ಈ ಮಕ್ಕಳು ನಡೆಯುವುದು, ಮಾತು ಕಲಿಯುವುದು ತಡ, ಆದರೆ ಕಲಿಯುತ್ತಾರೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಹೆಚ್ಚಿನವು ಆಪರೇಷನ್‌ನಿಂದ ಸರಿಹೋಗುತ್ತವೆ. ಖರ್ಚಿಗೆ ಏನು ಮಾಡೋದು ಅಂತ ಕೇಳ್ತೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬುದ್ಧಿಮಾಂದ್ಯತೆಯೂ ಸೇರಿದೆ. ಅಂಗವಿಕಲರ ಕಾರ್ಡ್ ಮಾಡಿಸಿದರೆ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಅರ್ಜಿ ತುಂಬಲು ಬಾರದವರು ಸಂಘದ ಸಭೆಗೆ ಬರುವ ಕಾರ್ಯಕರ್ತೆಯನ್ನು ಕೇಳಿ. ಬರುವಾಗ ಮಗುವಿನ ಆಧಾರ್, ಆಸ್ಪತ್ರೆಯ ಕಾಗದಗಳನ್ನು ತನ್ನಿ.