ನರಿಯ ಬೇಟೆಯನ್ನು ನಿಷೇಧಿಸುವುದು ಉಚಿತವೇ?

ಎದುರುನೋಡದ ಲಾಭವೊಂದು ಕೈಸೇರಿದವರನ್ನು ಕಂಡು, “ಬೆಳಿಗ್ಗೆ ನರಿಯ ಮುಖ ನೋಡಿ ಎದ್ದಿರೇನು?” ಎಂದು ಕೇಳುವುದು ನಮ್ಮ ಸೀಮೆಯ ವಾಡಿಕೆಯಷ್ಟೆ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಶಾಲೆಗೆ ಬಂದುಹೋಗುತ್ತಿದ್ದ ನಮ್ಮಲ್ಲಿ ಅನೇಕರು, ಸಂಜೆಯ ಮಬ್ಬಿನಲ್ಲಿ ಸೈನೈಡು ದಿಬ್ಬಗಳಾಚೆ ನರಿಗಳು ಊಳಿಡುವುದನ್ನು ಕೇಳಿಯೇ ಬೆಳೆದವರು. 2001ರಲ್ಲಿ ಗಣಿಗಳು ಮುಚ್ಚಿದವು; ನರಿಗಳಾದರೋ ಬಯಲನ್ನು ಬಿಟ್ಟುಹೋಗಲಿಲ್ಲ. ಇವುಗಳನ್ನು ಬೇಟೆಯಾಡುವುದನ್ನು ನಿಷೇಧಿಸುವುದು ನ್ಯಾಯವೇ ಎಂಬುದು ಪ್ರಕೃತ ವಿಷಯವು.

ನಾವು ನರಿಯೆಂಬ ಒಂದೇ ಹೆಸರಿನಿಂದ ಎರಡು ಪ್ರಾಣಿಗಳನ್ನು ಕರೆಯುತ್ತೇವೆ. ಗುಂಪಾಗಿ ಊಳಿಡುವುದು ಗುಳ್ಳೆನರಿ. ಬಯಲಿನಲ್ಲಿ ಬಿಲ ತೋಡಿಕೊಂಡಿರುವ, ಬಾಲದ ತುದಿ ಕಪ್ಪಾದ ಚಿಕ್ಕ ಪ್ರಾಣಿಯು ಇನ್ನೊಂದು ಜಾತಿ. ಎರಡೂ ಇಲಿ, ಹುಳು, ಹಣ್ಣುಗಳನ್ನು ತಿನ್ನುವುವು. ಗುಳ್ಳೆನರಿಯು ಸತ್ತ ಪ್ರಾಣಿಗಳನ್ನೂ ತಿಂದು ಊರಿನ ಹೊರವಲಯವನ್ನು ಶುಚಿಮಾಡುವುದು. ರಾಗಿ, ಕಡಲೆಕಾಯಿ ಬೆಳೆಯುವ ನಮ್ಮ ರೈತನಿಗೆ ಇಲಿಯನ್ನು ಹಿಡಿಯುವ ಈ ಕೂಲಿಯಿಲ್ಲದ ಆಳಿನ ಉಪಕಾರವು ಅಲ್ಪವಾದುದಲ್ಲ.

ನರಿಯ ಬೇಟೆಯೆಂದೊಡನೆ ಕುದುರೆಗಳನ್ನೂ ನಾಯಿಗಳ ಹಿಂಡನ್ನೂ ಕಟ್ಟಿಕೊಂಡು ಹೊರಡುವ ಇಂಗ್ಲೆಂಡಿನ ಶ್ರೀಮಂತರ ಚಿತ್ರವು ಕಣ್ಣಿಗೆ ಕಟ್ಟುವುದು. ಅವರು ಈ ವಿನೋದವನ್ನು ನಮ್ಮ ದೇಶಕ್ಕೂ ತಂದರು. ಉದಕಮಂಡಲದ ಹುಲ್ಲುಬಯಲಿನಲ್ಲಿ ಆ ನಾಡಿನ ನರಿಯು ಸಿಕ್ಕದಿದ್ದುದರಿಂದ, 19ನೆಯ ಶತಮಾನದಲ್ಲಿ ಗುಳ್ಳೆನರಿಯನ್ನೇ ಅಟ್ಟಿಸಿಕೊಂಡು ಓಡಿದರು. ಆದರೆ ಈ ಆಟದ ತವರಿನಲ್ಲಿಯೇ ಜನರ ಮನಸ್ಸು ತಿರುಗಿತು. ಸ್ಕಾಟ್ಲೆಂಡು 2002ರಲ್ಲಿಯೂ, ಇಂಗ್ಲೆಂಡು ಮತ್ತು ವೇಲ್ಸುಗಳಿಗಾಗಿ ಪಾರ್ಲಿಮೆಂಟು 2004ರಲ್ಲಿಯೂ, ನಾಯಿಗಳಿಂದ ನರಿಯನ್ನು ಬೇಟೆಯಾಡುವುದನ್ನು ತಡೆಯುವ ಶಾಸನಗಳನ್ನು ಮಾಡಿದುವು. ಇದು ಹಿರಿಯರ ಸಂಪ್ರದಾಯ, ಹಲವರ ಜೀವನೋಪಾಯ, ಕುರಿಕೋಳಿಗಳ ರಕ್ಷಣೆಗೆ ಬೇಕಾದುದು ಎಂದು ವಾದಿಸಿದವರು ಅಲ್ಲಿಯೂ ಬಹು ಮಂದಿ ಇದ್ದರು.

ನಮ್ಮಲ್ಲಿಯ ಬೇಟೆಯ ರೀತಿಯೇ ಬೇರೆ. ನರಿಯ ಮುಖದರ್ಶನವು ಶುಭವೆಂಬ ನಂಬಿಕೆಯಿಂದ, ಹಳೆಯ ಮೈಸೂರಿನ ಬಯಲುಸೀಮೆಯ ಕೆಲವು ಹಳ್ಳಿಗಳಲ್ಲಿಯೂ ನೆರೆಯ ಸೇಲಂ ಜಿಲ್ಲೆಯಲ್ಲಿಯೂ ಸಂಕ್ರಾಂತಿಯ ಸಮಯದಲ್ಲಿ ಬಲೆಯೊಡ್ಡಿ ನರಿಯನ್ನು ಹಿಡಿದು, ಅಲಂಕರಿಸಿ ಪೂಜಿಸಿ, ಮೆರವಣಿಗೆ ಮಾಡಿ ಬಿಟ್ಟುಬಿಡುವ ಪದ್ಧತಿಯುಂಟು. “ಕೊಲ್ಲುವುದಿಲ್ಲವಲ್ಲ, ಪೂಜಿಸುತ್ತೇವಲ್ಲ, ಇದರಲ್ಲೇನು ತಪ್ಪು?” ಎಂದು ಹಿರಿಯರು ಕೇಳುವರು. ಅವರ ಭಕ್ತಿಯನ್ನು ನಾವು ಹಳಿಯುವುದಿಲ್ಲ. ಆದರೆ ಕಾಡುಪ್ರಾಣಿಗೆ ಪೂಜೆಯ ಅರ್ಥವು ತಿಳಿಯದು. ಬಲೆ, ತಮಟೆ, ಜನರ ಕೂಗು ಇವು ಮಾತ್ರ ತಿಳಿಯುವುವು. ಮೇಲಾಗಿ ಚಿಕ್ಕ ನರಿಗಳು ಜೊತೆಗೂಡಿ ಗರ್ಭಧರಿಸುವ ಚಳಿಗಾಲದಲ್ಲಿಯೇ ಸಂಕ್ರಾಂತಿಯು ಬರುವುದು. ಆಗ ಹಿಡಿದ ಒಂದು ಹೆಣ್ಣುನರಿಯೊಡನೆ ಹುಟ್ಟಲಿರುವ ಮರಿಗಳಿಗೂ ಅಪಾಯವುಂಟು. ಹಿಡಿಯುವವರನ್ನು ಅದು ಕಚ್ಚಿದರೆ ಹುಚ್ಚುರೋಗದ ಭಯವೂ ಇದೆ.

ಇದಕ್ಕಿಂತಲೂ ಕ್ರೂರವಾದುದು ‘ನರಿಕೊಂಬಿ’ನ ವ್ಯಾಪಾರ. ನಮಗೆ ತಿಳಿದ ಮನೆಯೊಂದರಲ್ಲಿ, ಮಗಳ ಮದುವೆಯು ಬೇಗ ಕೂಡಿಬರಲೆಂದು ತಾಯಿಯು ಕೂಡಿಟ್ಟ ಹಣವನ್ನೆಲ್ಲ ಕೊಟ್ಟು ಅಂತಹುದೊಂದನ್ನು ಕೊಂಡು, ಕುಂಕುಮದ ಭರಣಿಯಲ್ಲಿಟ್ಟುಕೊಂಡಿದ್ದರು. ಮದುವೆಯು ಕೂಡಿಬಂದುದು ಆ ಹುಡುಗಿಯು ಓದು ಮುಗಿಸಿ ಉಪಾಧ್ಯಾಯಿನಿಯಾದ ಮೇಲೆ. ಯಾವ ನರಿಗೂ ಕೊಂಬಿಲ್ಲವೆಂಬುದನ್ನು ಪ್ರಾಣಿಶಾಸ್ತ್ರದ ಮೊದಲ ಪಾಠ ಕಲಿತವರೂ ಬಲ್ಲರು. ಚರ್ಮ, ಮೂಳೆ, ಕೂದಲುಗಳಿಂದ ಮಾಡಿದ ಈ ವಂಚನೆಗಾಗಿ ಎಷ್ಟೋ ನರಿಗಳು ಪ್ರಾಣ ತೆತ್ತಿವೆ.

ಶಾಸನವೇನು ಹೇಳುವುದು? 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಮೊದಲಿಗೆ ನರಿಗಳನ್ನು ಕಾಗೆ, ಇಲಿಗಳೊಡನೆ ಉಪದ್ರವಕಾರಿಗಳ ಪಟ್ಟಿಯಲ್ಲಿಟ್ಟಿತ್ತು. ಅನಂತರದ ತಿದ್ದುಪಡಿಗಳು ಅವುಗಳನ್ನು ಅಲ್ಲಿಂದ ತೆಗೆದು ರಕ್ಷಿತ ಪ್ರಾಣಿಗಳಲ್ಲಿ ಸೇರಿಸಿದುವು. ಈ ಶಾಸನದಲ್ಲಿ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಅಟ್ಟುವುದು, ಬಲೆಯೊಡ್ಡುವುದು ಇವೆಲ್ಲವೂ ಬೇಟೆಯೇ ಸರಿ. ಆದಕಾರಣ ನಿಷೇಧವು ಈಗಾಗಲೇ ಇರುವುದು. ಅದು ಕಾಗದದಲ್ಲಿ ನಿಲ್ಲಬೇಕೋ ನಮ್ಮ ಮನಸ್ಸಿಗೆ ಇಳಿಯಬೇಕೋ ಎಂಬುದೇ ಉಳಿದಿರುವ ಪ್ರಶ್ನೆ.

ಕುರಿ ಸಾಕುವವರ ಕಷ್ಟವನ್ನು ಮರೆಯಲಾಗದು. ಒಂದು ಮರಿಯನ್ನು ಕಳೆದುಕೊಂಡರೂ ಬಡವನ ಮನೆಗೆ ದೊಡ್ಡ ನಷ್ಟ. ಆದರೆ ಭದ್ರವಾದ ಮುಳ್ಳಿನ ರೊಪ್ಪ, ಕಾವಲಿಗೊಂದು ಒಳ್ಳೆಯ ನಾಯಿ, ಇವು ಮಾಡುವ ಕೆಲಸವನ್ನು ಬೇಟೆಯು ಮಾಡಲಾರದು. ಒಂದು ನರಿಯನ್ನು ಕೊಂದರೆ ತೆರವಾದ ಎಡೆಗೆ ಮತ್ತೊಂದು ಬರುವುದು. ಸಡಿಲವಾದ ರೊಪ್ಪವು ಸಡಿಲವಾಗಿಯೇ ಇರುವುದು.

ಆದುದರಿಂದ ಈ ನಿಷೇಧವು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೆ ಅರಣ್ಯಾಧಿಕಾರಿಯ ದಂಡಕ್ಕಿಂತ ಮನೆಯ ತಾಯಿಯ ಮಾತು ಹೆಚ್ಚು ದೂರ ಹೋಗುವುದು. ಈ ಶಾಲೆಯಲ್ಲಿ ಓದಿದ ಸೋದರಿಯರೇ, ಮಕ್ಕಳ ತಂದೆತಾಯಿಗಳೇ, ನರಿಕೊಂಬನ್ನು ಮಾರಲು ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿರಿ. ಬಲೆಯೊಡ್ಡುವವರಿಗೆ ಮೊದಲು ವಿನಯದಿಂದ ತಿಳಿಯಹೇಳಿರಿ; ಕೇಳದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿರಿ. ನರಿಯ ಮುಖದರ್ಶನವು ಶುಭವೇ ಆದರೆ, ಹೊಲದ ಬದುವಿನಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿರುವ ನರಿಯನ್ನು ಮಕ್ಕಳಿಗೆ ದೂರದಿಂದಲೇ ತೋರಿಸಿರಿ. ಆ ಶುಭವು ನಮ್ಮ ಮೊಮ್ಮಕ್ಕಳಿಗೂ ಉಳಿಯಲಿ.